ಆದಾಯ ಹೆಚ್ಚಿದರೆ ಮನೆಯ ಊಟದ ಖರ್ಚೂ ಅಷ್ಟೇ ಹೆಚ್ಚುತ್ತದೆಯೇ? ಬೆಲೆ ಏರಿದರೆ?

ಹೆಚ್ಚುತ್ತದೆ, ಆದರೆ ಅಷ್ಟೇ ವೇಗವಾಗಿ ಅಲ್ಲ. ಬೆಲ್ಜಿಯಂ ಕುಟುಂಬಗಳ ಖರ್ಚಿನ ಲೆಕ್ಕ ನೋಡಿ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಹೇಳಿದ್ದರು: ಕುಟುಂಬ ಬಡವಾದಷ್ಟೂ ಖರ್ಚಿನಲ್ಲಿ ಆಹಾರದ ಪಾಲು ದೊಡ್ಡದು. ಸಂಬಳ ಎರಡರಷ್ಟಾಯಿತೆಂದು ಹೊಟ್ಟೆ ಎರಡಾಗುವುದಿಲ್ಲವಲ್ಲ! ಬದಲಾಗುವುದು ತಟ್ಟೆಯಲ್ಲಿರುವ ಪದಾರ್ಥ. ಧಾನ್ಯ, ಗೆಡ್ಡೆಗಳ ಪಾಲು ಇಳಿದು ಹಾಲು, ಮೊಟ್ಟೆ, ಮಾಂಸ, ಹಣ್ಣು, ಹೊರಗಿನ ಊಟ ಹೆಚ್ಚುತ್ತವೆ.

ಬೆಲೆ ಏರಿಕೆ ಎರಡು ರೀತಿ ಕೆಲಸ ಮಾಡುತ್ತದೆ. ದುಬಾರಿಯಾದದ್ದನ್ನು ಬಿಟ್ಟು ಅಗ್ಗದ್ದಕ್ಕೆ ಹೋಗುತ್ತೇವೆ. ಜೊತೆಗೆ, ಅದೇ ದುಡ್ಡಿಗೆ ಕಡಿಮೆ ಸಾಮಾನು ಬರುವುದರಿಂದ ನೈಜ ಆದಾಯವೇ ಕುಗ್ಗುತ್ತದೆ. ಈ ಎರಡನೆಯ ಪೆಟ್ಟು ಬಡವರಿಗೇ ಜೋರು, ಏಕೆಂದರೆ ಅವರ ಖರ್ಚಿನ ದೊಡ್ಡ ಭಾಗ ಆಹಾರಕ್ಕೇ ಹೋಗುತ್ತದೆ. ಉಪ್ಪಿನ ಕಥೆ ಬೇರೆ: ಬೆಲೆ ಏರಿದರೂ ಕೊಳ್ಳುವ ಪ್ರಮಾಣ ಹೆಚ್ಚೇನೂ ಬದಲಾಗದು. ಅದಕ್ಕೆ ಬದಲಿ ಇಲ್ಲ, ಖರ್ಚೂ ಚಿಲ್ಲರೆ.

ವಿಚಿತ್ರವೆಂದರೆ, ಬೆಲೆ ಇಳಿದಾಗ ಅಪರೂಪಕ್ಕೆ ಬೇಡಿಕೆಯೂ ಇಳಿಯುತ್ತದೆ. ಚೀನಾದ ಹುನಾನ್ ಪ್ರಾಂತ್ಯದ ಬಡ ಕುಟುಂಬಗಳಿಗೆ ಅರ್ಥಶಾಸ್ತ್ರಜ್ಞರಾದ ಜೆನ್ಸನ್ ಮತ್ತು ಮಿಲ್ಲರ್ ಅಕ್ಕಿಯ ಮೇಲೆ ರಿಯಾಯಿತಿ ಕೊಟ್ಟು ನೋಡಿದರು. ಅಕ್ಕಿಯ ಬಳಕೆ ಕಡಿಮೆಯಾಯಿತು! ಅಗ್ಗವಾದ ಅಕ್ಕಿಯಿಂದ ಉಳಿದ ಹಣದಲ್ಲಿ ರುಚಿಯಾದ ಬೇರೆ ಪದಾರ್ಥ ಕೊಳ್ಳಲು ಅವರಿಗೆ ಸಾಧ್ಯವಾಗಿತ್ತು.