ಓದುಗರ ಪ್ರಶ್ನೆಗೆ ಉತ್ತರ: ಜೇ ಇನ್ಸ್‌ಲೀ ಅವರ ಹವಾಮಾನ ರಾಜಕಾರಣ

ಪ್ರಶ್ನೆ: ಅಮೆರಿಕದ ಜೇ ಇನ್ಸ್‌ಲೀ 2019ರಲ್ಲಿ ಹವಾಮಾನ ಬದಲಾವಣೆಯೊಂದನ್ನೇ ಮುಂದಿಟ್ಟುಕೊಂಡು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟು, ಕೆಲವೇ ತಿಂಗಳಲ್ಲಿ ಹಿಂದೆ ಸರಿದರು. ಅಷ್ಟು ಬೇಗ ಸೋತವರನ್ನು ಹವಾಮಾನ ನೀತಿಯ ಪ್ರಮುಖ ರಾಜಕಾರಣಿ ಎಂದು ಈಗಲೂ ಹೆಸರಿಸುವುದೇಕೆ?

ಉತ್ತರ: ಮಾರ್ಚ್ 1ರಂದು ಆರಂಭವಾದ ಅವರ ಸ್ಪರ್ಧೆ ಆಗಸ್ಟ್ 21ಕ್ಕೆ ಮುಗಿದದ್ದು ನಿಜ. ಆದರೆ ಅವರನ್ನು ಅಳೆಯಬೇಕಾದದ್ದು 2013ರಿಂದ 2025ರ ಜನವರಿಯವರೆಗೆ, ಸತತ ಮೂರು ಅವಧಿಗೆ, ಅವರು ಗವರ್ನರ್ ಆಗಿದ್ದ ವಾಷಿಂಗ್ಟನ್ ರಾಜ್ಯದಲ್ಲಿ. (ಇದು ದೇಶದ ರಾಜಧಾನಿಯಲ್ಲ, ಪೆಸಿಫಿಕ್ ಕರಾವಳಿಯ ವಾಯವ್ಯ ತುದಿಯಲ್ಲಿರುವ, ಸಿಯಾಟಲ್ ನಗರವನ್ನು ಒಳಗೊಂಡ ರಾಜ್ಯ.) ಇಂಗಾಲದ ಹೊರಸೂಸುವಿಕೆಗೆ ಬೆಲೆ ಕಟ್ಟುವ ಪ್ರಸ್ತಾವವನ್ನು ಅಲ್ಲಿನ ಮತದಾರರು 2016ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ತಿರಸ್ಕರಿಸಿದ್ದರು. ಎರಡನೆಯ ಪ್ರಸ್ತಾವದ ಪರವಾಗಿ ಇನ್ಸ್‌ಲೀ ಬಹಿರಂಗವಾಗಿಯೇ ನಿಂತಿದ್ದರು. ಅದರ ವಿರುದ್ಧದ ಪ್ರಚಾರಕ್ಕೆ ಖರ್ಚಾದ 3 ಕೋಟಿ ಡಾಲರಿಗೂ ಮಿಕ್ಕ ಹಣದಲ್ಲಿ ಬಹುಪಾಲು ತೈಲ ಕಂಪನಿಗಳದಾಗಿತ್ತು.

ಎರಡು ಸಲ ಜನರೇ ಬೇಡವೆಂದ ಮೇಲೆ ಯಾವ ರಾಜಕಾರಣಿಯಾದರೂ ವಿಷಯವನ್ನು ಬದಿಗಿಡುತ್ತಿದ್ದರು. ಇವರು ಶಾಸನಸಭೆಯ ದಾರಿ ಹಿಡಿದರು. 2019ರ ಮೇ ತಿಂಗಳಲ್ಲಿ ಸಹಿ ಹಾಕಿದ ಕಾನೂನು, ರಾಜ್ಯದ ವಿದ್ಯುತ್ ಪೂರೈಕೆ ಸಂಸ್ಥೆಗಳು 2025ರ ಕೊನೆಯೊಳಗೆ ಕಲ್ಲಿದ್ದಲಿನ ವಿದ್ಯುತ್ತನ್ನು ಕೈಬಿಡಬೇಕು, 2030ಕ್ಕೆ ಇಂಗಾಲ ತಟಸ್ಥವಾಗಬೇಕು (ಅಂದರೆ ಉಳಿದ ಹೊರಸೂಸುವಿಕೆಯನ್ನು ಬೇರೆ ಕ್ರಮಗಳಿಂದ ಸರಿದೂಗಿಸಬೇಕು), 2045ಕ್ಕೆ ಪೂರ್ಣವಾಗಿ ಶುದ್ಧ ಮೂಲಗಳಿಂದಲೇ ವಿದ್ಯುತ್ ಒದಗಿಸಬೇಕು ಎಂದು ವಿಧಿಸಿತು. 2021ರಲ್ಲಿ ಇದಕ್ಕಿಂತ ದೊಡ್ಡ ಕಾನೂನು ಬಂದು, 2023ರ ಜನವರಿಯಿಂದ ಜಾರಿಯಾಯಿತು. ವರ್ಷಕ್ಕೆ 25,000 ಟನ್ ಅಥವಾ ಅದಕ್ಕಿಂತ ಹೆಚ್ಚು ಹಸಿರುಮನೆ ಅನಿಲಕ್ಕೆ ಕಾರಣವಾಗುವ ಸಂಸ್ಥೆಗಳು ಪ್ರತಿ ಟನ್ನಿಗೂ ಒಂದು ಪರವಾನಗಿ ಹೊಂದಿರಬೇಕು. ಪರವಾನಗಿಗಳ ದೊಡ್ಡ ಪಾಲನ್ನು ಸರ್ಕಾರ ಹರಾಜು ಹಾಕುತ್ತದೆ. ಅವುಗಳ ಒಟ್ಟು ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ. ಮಾಲಿನ್ಯ ಉಂಟುಮಾಡುವವರು ಪ್ರತಿ ವರ್ಷವೂ ಒಂದೋ ಹೊರಸೂಸುವಿಕೆ ತಗ್ಗಿಸಬೇಕು, ಇಲ್ಲವೇ ವಿರಳವಾಗುತ್ತಿರುವ ಪರವಾನಗಿಗೆ ಹೆಚ್ಚು ಹಣ ತೆರಬೇಕು. 1990ರ ಮಟ್ಟಕ್ಕೆ ಹೋಲಿಸಿದರೆ 2030ಕ್ಕೆ ಶೇ. 45, 2050ಕ್ಕೆ ಶೇ. 95 ಇಳಿಕೆ ರಾಜ್ಯದ ಗುರಿ. ಭಾಷಣದಲ್ಲಿ ಗುರಿ ಸಾರುವವರು ಅನೇಕರಿದ್ದಾರೆ. ಗುರಿ ತಪ್ಪಿದರೆ ಯಾರು ಎಷ್ಟು ತೆರಬೇಕು ಎಂಬುದನ್ನು ಕಾನೂನಿನಲ್ಲಿ ಬರೆದಿಟ್ಟದ್ದೇ ಇವರ ನಿಜವಾದ ಸಾಧನೆ ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ: ಆ ರಾಜ್ಯಕ್ಕೆ ಕೊಲಂಬಿಯಾ ನದಿಯ ಜಲವಿದ್ಯುತ್ ಮೊದಲೇ ಇತ್ತಲ್ಲವೇ? ಹಾಗಿದ್ದರೆ ಶುದ್ಧ ವಿದ್ಯುತ್ತಿನ ಕಾನೂನಿನಲ್ಲಿ ದೊಡ್ಡದೇನಿದೆ?

ಉತ್ತರ: ಆಕ್ಷೇಪ ನ್ಯಾಯವಾದದ್ದೇ. ಗ್ರ್ಯಾಂಡ್ ಕೂಲಿಯಂತಹ ಅಣೆಕಟ್ಟುಗಳನ್ನು ಕಟ್ಟಿದ್ದು ಬೇರೊಂದು ತಲೆಮಾರು. ಅದರ ಶ್ರೇಯಸ್ಸು ಇನ್ಸ್‌ಲೀ ಅವರಿಗೆ ಸಲ್ಲದು. ಆದರೆ ಅಂಥ ಅಣೆಕಟ್ಟುಗಳೇ ಅವರನ್ನು ಕಠಿಣ ಆಯ್ಕೆಗಳ ಮುಂದೆಯೂ ನಿಲ್ಲಿಸಿದವು. ಕೊಲಂಬಿಯಾದ ಉಪನದಿ ಸ್ನೇಕ್‌ನ ಕೆಳಪಾತ್ರದ ನಾಲ್ಕು ಅಣೆಕಟ್ಟುಗಳಿಂದ ಸಾಲ್ಮನ್ ಮೀನಿನ ಸಂತತಿ ನಶಿಸುತ್ತಿದೆ, ಅವನ್ನು ತೆರವುಗೊಳಿಸಿ ಎಂದು ಮೂಲನಿವಾಸಿ ಸಮುದಾಯಗಳು ಕೇಳುತ್ತಲೇ ಬಂದಿವೆ. ಅಣೆಕಟ್ಟುಗಳು ಒದಗಿಸುವ ವಿದ್ಯುತ್ತು ಮತ್ತಿತರ ಪ್ರಯೋಜನಗಳಿಗೆ ಬದಲಿ ವ್ಯವಸ್ಥೆಯಾಗುವವರೆಗೆ ತೆರವು ಸಾಧ್ಯವಿಲ್ಲವೆಂದು ಇನ್ಸ್‌ಲೀ ಮತ್ತು ಸೆನೆಟರ್ ಪ್ಯಾಟಿ ಮರ್ರಿ 2022ರಲ್ಲಿ ತೀರ್ಮಾನಿಸಿದರು. ಹಾರ್ಸ್ ಹೆವನ್ ಗುಡ್ಡಗಳ ಪವನ ವಿದ್ಯುತ್ ಯೋಜನೆಯಲ್ಲಿಯೂ ಇದೇ ಬಗೆಯ ಸಂಘರ್ಷ. ಗಿಡುಗಗಳ ಗೂಡುಗಳನ್ನು ಕಾಪಾಡಲು ಇಂಧನ ಯೋಜನೆಗಳನ್ನು ಪರಿಶೀಲಿಸುವ ರಾಜ್ಯದ ಮಂಡಳಿ ಗಾಳಿಯಂತ್ರಗಳ ಸಂಖ್ಯೆಯನ್ನು ಬಹಳವಾಗಿ ಕಡಿತಗೊಳಿಸಿ ಶಿಫಾರಸು ಮಾಡಿತ್ತು. 2024ರಲ್ಲಿ ಗವರ್ನರ್ ಅದನ್ನು ಹಿಂದಿರುಗಿಸಿ ಕಡಿತವನ್ನು ಸಡಿಲಿಸಲು ಹೇಳಿದರು. ಅಲ್ಲಿನ ಮೂಲನಿವಾಸಿಗಳಾದ ಯಾಕಮಾ ಸಮುದಾಯದ ವಿರೋಧವನ್ನು ಮೀರಿ ಯೋಜನೆಗೆ ಒಪ್ಪಿಗೆ ದೊರೆಯಿತು. 2021ರ ಕಾನೂನಿನಲ್ಲಿ ಮೂಲನಿವಾಸಿ ಸಮುದಾಯಗಳ ಜೊತೆಗಿನ ಸಮಾಲೋಚನೆಗೆ ಸಂಬಂಧಿಸಿದ ಭಾಗವನ್ನೂ ಅವರು ತಮ್ಮ ವೀಟೊ ಅಧಿಕಾರ ಬಳಸಿ ತೆಗೆದುಹಾಕಿದ್ದರು. ಹವಾಮಾನದ ತುರ್ತನ್ನು ಅಷ್ಟು ಬಲ್ಲವರು, ಆ ನೆಲದೊಡನೆ ಎಲ್ಲರಿಗಿಂತ ಹಳೆಯ ನಂಟುಳ್ಳವರ ಮಾತಿಗೆ ಕಾನೂನಿನಲ್ಲಿ ಗಟ್ಟಿಯಾದ ಸ್ಥಾನ ಕೊಡಬೇಕಿತ್ತು. ಅವರ ದಾಖಲೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವ ಭಾಗ ಇದು.

ಪ್ರಶ್ನೆ: ಪರವಾನಗಿ ಹರಾಜಿನ 2021ರ ಕಾನೂನಿನಿಂದ ಪೆಟ್ರೋಲ್ ದುಬಾರಿಯಾಯಿತು ಎಂಬ ಟೀಕೆ ನಿಜವೇ?

ಉತ್ತರ: ನಿಜ. ಹೊರೆ ಗ್ಯಾಲನ್ನಿಗೆ ಕೆಲವೇ ಸೆಂಟುಗಳಷ್ಟು ಎಂದು ಗವರ್ನರ್ ಮೊದಲು ಹೇಳಿದ್ದರು, ಅದಕ್ಕಿಂತ ಹೆಚ್ಚಾಯಿತು. ಪರವಾನಗಿ ಮೊದಲ ಹರಾಜಿನಲ್ಲಿಯೇ 48.50 ಡಾಲರಿಗೆ ಹೋಯಿತು, 2023ರ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ಪೆಟ್ರೋಲ್ ಬೆಲೆ ಕೆಲಕಾಲ ದೇಶದಲ್ಲೇ ಅತ್ಯಧಿಕವಾಗಿತ್ತು. ಕೃಷಿ ಇಂಧನಕ್ಕೆ ಕಾನೂನಿನಲ್ಲಿ ವಿನಾಯಿತಿಯಿದ್ದರೂ ಅನೇಕ ರೈತರು ಹೆಚ್ಚುವರಿ ದರ ತೆತ್ತರು. ಹೊರೆಯನ್ನು ಮೊದಲೇ ಸ್ಪಷ್ಟವಾಗಿ ಹೇಳಿ, ಹರಾಜಿನ ಹಣ ಯಾರಿಗೆ ಮರಳುತ್ತದೆಂದು ತೋರಿಸಿದ್ದರೆ ಕಾನೂನಿನ ಮೇಲಿನ ವಿಶ್ವಾಸ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆ ಹಣ ಮುಂದೆ 18 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರ ಉಚಿತ ಬಸ್ ಪ್ರಯಾಣಕ್ಕೂ, ಕಡಿಮೆ ಮತ್ತು ಮಧ್ಯಮ ಆದಾಯದ ಕುಟುಂಬಗಳ ವಿದ್ಯುತ್ ಬಿಲ್ಲಿನಲ್ಲಿ 200 ಡಾಲರಿನ ರಿಯಾಯಿತಿಗೂ ಬಳಕೆಯಾಯಿತು. ಕಾನೂನನ್ನು ರದ್ದುಪಡಿಸುವ ಪ್ರಸ್ತಾವ 2024ರ ನವೆಂಬರಿನಲ್ಲಿ ಜನಮತಕ್ಕೆ ಬಂದಾಗ ಸುಮಾರು ಶೇ. 62 ಮತದಾರರು ಅದನ್ನು ತಿರಸ್ಕರಿಸಿದರು. ಇಂಗಾಲದ ಬೆಲೆಯನ್ನು ಎರಡು ಸಲ ಬೇಡವೆಂದ ರಾಜ್ಯವೇ, ಅದರ ಭಾರವನ್ನು ಅನುಭವಿಸಿದ ನಂತರ, ಅದು ಇರಲಿ ಎಂದಿತು.

ಪ್ರಶ್ನೆ: ಅಧ್ಯಕ್ಷ ಸ್ಪರ್ಧೆಯಲ್ಲಿ ಮುಂದಿಟ್ಟ ಪ್ರಸ್ತಾವಗಳು ಏನಾದವು?

ಉತ್ತರ: 2030ರೊಳಗೆ ಎಲ್ಲ ಕಲ್ಲಿದ್ದಲು ಸ್ಥಾವರಗಳನ್ನು ಮುಚ್ಚುವುದು, 2035ಕ್ಕೆ ದೇಶದ ವಿದ್ಯುತ್ತೆಲ್ಲ ಶುದ್ಧ ಮೂಲಗಳಿಂದ ಬರುವುದು, ಹತ್ತು ವರ್ಷಗಳಲ್ಲಿ ಒಕ್ಕೂಟ ಸರ್ಕಾರದ 3 ಲಕ್ಷ ಕೋಟಿ ಡಾಲರಿಗೆ ಖಾಸಗಿ ಬಂಡವಾಳವೂ ಸೇರಿ ಒಟ್ಟು 9 ಲಕ್ಷ ಕೋಟಿ ಡಾಲರಿನ ಹೂಡಿಕೆ ನಡೆಯುವುದು ಅವುಗಳಲ್ಲಿ ಮುಖ್ಯವಾದವು. 2035ರ ಗುರಿಯನ್ನು ಜೋ ಬೈಡನ್ 2020ರಲ್ಲಿ ತಮ್ಮ ಯೋಜನೆಗೆ ಸೇರಿಸಿಕೊಂಡರು. ಆದರೆ ಶುದ್ಧ ವಿದ್ಯುತ್ತಿಗಾಗಿ ಪೂರೈಕೆ ಸಂಸ್ಥೆಗಳಿಗೆ ಪ್ರೋತ್ಸಾಹಧನ ನೀಡುವ ಮತ್ತು ದಂಡ ವಿಧಿಸುವ ಒಕ್ಕೂಟ ಸರ್ಕಾರದ ಯೋಜನೆ ಸೆನೆಟರ್ ಜೋ ಮಾಂಚಿನ್ ಅವರ ವಿರೋಧದಿಂದ 2021ರಲ್ಲಿ ಬಿದ್ದುಹೋಯಿತು. 2022ರ ಆಗಸ್ಟಿನಲ್ಲಿ ಬಂದ ಒಕ್ಕೂಟದ ಕಾನೂನು ಮುಖ್ಯವಾಗಿ ತೆರಿಗೆ ರಿಯಾಯಿತಿಗಳನ್ನು ಆಧರಿಸಿತ್ತು. ಆ ರಿಯಾಯಿತಿಗಳಲ್ಲಿ ಹಲವನ್ನು 2025ರ ಜುಲೈ ತಿಂಗಳ ಕಾನೂನು ಅವಧಿಗೆ ಮುನ್ನವೇ ಕೊನೆಗೊಳಿಸಿತು. ಕಡ್ಡಾಯ ಮಾಡಲು ಆಗದ ಕಡೆ ಆಮಿಷ ಒಡ್ಡಿದರೆ ಸಾಕು ಎಂದು ನಂಬಿದ್ದವರು ಇದನ್ನು ಗಮನಿಸಬೇಕು, ಏಕೆಂದರೆ ವಾಷಿಂಗ್ಟನ್ ರಾಜ್ಯದ ಕಡ್ಡಾಯ ಮಿತಿಗಳು ಅದೇ ಕಾಲದಲ್ಲಿ ಊರ್ಜಿತವಾಗಿಯೇ ಉಳಿದವು.

ಅವರ ಪ್ರಸ್ತಾವಗಳಲ್ಲಿ ಅತ್ಯಂತ ಮಾನವೀಯವಾದದ್ದರ ಬಗ್ಗೆ ಚರ್ಚೆ ನಡೆದದ್ದೇ ಕಡಿಮೆ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಶಿಕ್ಷಣ ಮತ್ತು ಜೀವನಕ್ಕೆ ನೆರವು ನೀಡಿದ 1944ರ ಕಾನೂನಿನ ಮಾದರಿಯಲ್ಲಿ, ಕಲ್ಲಿದ್ದಲು ಮತ್ತಿತರ ಪಳೆಯುಳಿಕೆ ಇಂಧನ ಉದ್ಯಮದ ಕಾರ್ಮಿಕರಿಗೆ ಪಿಂಚಣಿ, ಆರೋಗ್ಯ ಸೌಲಭ್ಯ ಮತ್ತು ಮರುತರಬೇತಿಯ ಖಾತರಿ ಕೊಡಬೇಕೆಂದು ಅವರು ಸೂಚಿಸಿದ್ದರು. ಅವರು ಮುಂದಿಟ್ಟ ರೂಪದಲ್ಲಿ ಅದು ಒಕ್ಕೂಟದ ಕಾನೂನಾಗಲಿಲ್ಲ. ಸ್ಥಾವರ ಮುಚ್ಚುವ ದಿನಾಂಕವನ್ನು ಯಾರೇ ಗೊತ್ತುಪಡಿಸಲಿ, ಅಲ್ಲಿ ದುಡಿಯುವವರ ಮುಂದಿನ ತಿಂಗಳ ಸಂಬಳದ ಪ್ರಶ್ನೆಗೆ ಆ ದಿನಾಂಕಕ್ಕೆ ಮೊದಲೇ ಉತ್ತರ ಸಿದ್ಧವಿರಬೇಕು ಎಂಬುದು ಆ ಪ್ರಸ್ತಾವದ ತಿರುಳಾಗಿತ್ತು.