ಮರುಭೂಮಿಯ ಕಾದಂಬರಿಗಳಲ್ಲಿ ನೆಲದ ವರ್ಣನೆಯನ್ನು ಬಿಟ್ಟು ಓದಬಹುದೇ?

ಅಮೆರಿಕದ ನೈರುತ್ಯ ಮರುಭೂಮಿಯಲ್ಲಿ ನಡೆಯುವ ಕಾದಂಬರಿಗಳಲ್ಲಿ ಬಂಡೆ, ಕಣಿವೆಗಳ ವರ್ಣನೆ ಪುಟಗಟ್ಟಲೆ ಬರುತ್ತದೆ, ಅದನ್ನು ಹಾರಿಸಿ ಓದಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾರಿಸಬೇಡಿ. ಅಲ್ಲಿ ಕಥೆಯನ್ನು ನಡೆಸುವುದೇ ನೆಲ ಮತ್ತು ನೀರು.

ಈ ಮರುಭೂಮಿ ಹರಡಿರುವ ಯೂಟಾ, ಅರಿಜೋನಾ ರಾಜ್ಯಗಳಲ್ಲಿ ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗುಮಳೆಯ ಕಾಲ. ಮಳೆ ಎಲ್ಲೋ ದೂರದ ಎತ್ತರದಲ್ಲಿ ಸುರಿದಿರುತ್ತದೆ. ಬಂಡೆನೆಲ ನೀರನ್ನು ಹೀರುವುದಿಲ್ಲ. ನೆತ್ತಿಯ ಮೇಲೆ ಆಕಾಶ ಶುಭ್ರವಾಗಿರುವಾಗಲೇ ಒಣಹಳ್ಳಕ್ಕೆ ಕೆಸರು, ಮರದ ದಿಮ್ಮಿಗಳ ಸಮೇತ ಪ್ರವಾಹ ನುಗ್ಗಿಬಿಡುತ್ತದೆ. ಇಷ್ಟು ತಿಳಿದವರಿಗೆ, ಒಬ್ಬಾತ ಮರಳಿನ ಹಳ್ಳದಲ್ಲಿ ಡೇರೆ ಹಾಕಿದ ಎಂಬ ಸಾದಾ ಸಾಲು ಓದಿದರೂ ಎದೆ ಝಲ್ಲೆನ್ನುತ್ತದೆ. ಕಾಟನ್‌ವುಡ್ ಮರಗಳ ಹಸಿರು ಕಂಡಿತೆಂದು ಬರೆದಿದ್ದರೆ ನೆಲದಡಿ ನೀರಿದೆ ಎಂದರ್ಥ. ಬಾಯಾರಿದ ಪಾತ್ರಕ್ಕೆ ಅದೇ ಜೀವದಾನ.

ಈ ಸೀಮೆಯ ಎತ್ತರದ ಬಂಡೆನೆಲವಾದ ಕೊಲೊರಾಡೋ ಪ್ರಸ್ಥಭೂಮಿಯ ನಕ್ಷೆಯೊಂದು ಪಕ್ಕದಲ್ಲಿರಲಿ. ಅಲ್ಲಿನ ಆಳವಾದ ಮಹಾಕಣಿವೆ ಗ್ರ್ಯಾಂಡ್ ಕ್ಯಾನ್ಯನ್‌ನ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ದೂರ ಸರಾಸರಿ 16 ಕಿ.ಮೀ.; ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಸುಮಾರು 340 ಕಿ.ಮೀ. ಆಚೆ ದಡ ಕಣ್ಣಿಗೆ ಕಾಣುತ್ತಿದ್ದರೂ ಪಾತ್ರಗಳು ಏಕೆ ಹತಾಶರಾಗುತ್ತಾರೆ ಎಂಬುದು ಆಗ ಅರ್ಥವಾಗುತ್ತದೆ.

ಕಾದಂಬರಿಗೂ ಮೊದಲು ಎಡ್ವರ್ಡ್ ಆ್ಯಬಿಯ ‘ಡೆಸರ್ಟ್ ಸಾಲಿಟೇರ್’ (1968) ಓದಿ ಎನ್ನುತ್ತೇನೆ. ಈಗ ರಾಷ್ಟ್ರೀಯ ಉದ್ಯಾನವಾಗಿರುವ ಯೂಟಾದ ಆರ್ಚಸ್‌ನಲ್ಲಿ ರೇಂಜರ್ (ಕಾವಲು ಸಿಬ್ಬಂದಿ) ಆಗಿದ್ದ ಆ್ಯಬಿಯ ಸ್ವಂತ ಅನುಭವ ಕಥನವದು.