ಮೂರೂವರೆಗೇ ಹಾಡುವ ಹಕ್ಕಿ

ಜಯನಗರದ ನಿಮ್ಮ ಮನೆ ಮುಂದೆ ಬೆಳಗಿನ ಜಾವ ಮೂರೂವರೆಗೇ ಕಪ್ಪು-ಬಿಳಿ ಹಕ್ಕಿಯೊಂದು ಹಾಡುತ್ತದೆ, ಅದಕ್ಕೇನಾದರೂ ತೊಂದರೆನಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಹಗಲಲ್ಲಿ ಬಾಲ ಎತ್ತಿ ಕುಣಿಸುತ್ತಿದ್ದರೆ ಅದು ಮಡಿವಾಳ ಹಕ್ಕಿ. ಗಂಡು ತನ್ನ ಜಾಗ ಕಾಯಲು, ಹೆಣ್ಣನ್ನು ಕರೆಯಲು ಹಾಡುತ್ತದೆ. ಕತ್ತಲಿರುವಾಗಲೇ ಶುರು ಮಾಡುವುದು ಅದರ ಅಭ್ಯಾಸ. ಬೀದಿ ದೀಪ ಇನ್ನೂ ಬೇಗ ಎಬ್ಬಿಸಿರಬಹುದು.

ಗದ್ದಲವೂ ಕಾರಣ ಇರಬಹುದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹಗಲು ಸದ್ದು ಜಾಸ್ತಿ ಇರುವ ಕಡೆಯೇ ರಾಬಿನ್ ಎಂಬ ಪುಟ್ಟ ಹಕ್ಕಿಗಳು ರಾತ್ರಿ ಹಾಡುವುದು 2007ರ ಅಧ್ಯಯನದಲ್ಲಿ ಕಂಡುಬಂತು. ನನಗೆ ತುಂಬಾ ಇಷ್ಟವಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಬಿಳಿ ನೆತ್ತಿಯ ಗುಬ್ಬಿಗಳ ವಿಷಯ. 2020ರ ಲಾಕ್‌ಡೌನ್‌ನಲ್ಲಿ ವಾಹನಗಳು ನಿಂತಾಗ ಅವು ದನಿ ತಗ್ಗಿಸಿ ಮೆಲ್ಲಗೆ ಹಾಡಿದವು. ಆದರೂ ಹಾಡು ಮೊದಲಿಗಿಂತ ದೂರಕ್ಕೆ ಕೇಳಿಸಿತು! ಅಷ್ಟು ದಿನ ಪಾಪ, ಕಿರುಚಿ ಕಿರುಚಿ ಹಾಡುತ್ತಿದ್ದವು ಅಲ್ವಾ?

ಬಸವನಗುಡಿಯ ನಮ್ಮ ಬೀದಿಯಲ್ಲೂ ಒಂದು ಮಡಿವಾಳ ಇದೆ. ಕೇಬಲ್ ಮೇಲೆ ಕೂತು ಹಾಡುತ್ತದೆ. ಹಾಲಿನ ಗಾಡಿ ಬಂದರೆ ಸುಮ್ನೆ ಆಗಿ, ಅದು ತಿರುವು ದಾಟಿದ ಮೇಲೆ ಮತ್ತೆ ಎತ್ತಿಕೊಳ್ಳುತ್ತದೆ.

ನಿಮ್ಮ ಗೇಟಿನ ದೀಪ ಮರದ ಕಡೆ ತಿರುಗಿದ್ದರೆ ಕೆಳಗೆ ತಿರುಗಿಸಿ. ಹಳೇ ಮರದ ಪೊಟರೆ, ಗೋಡೆಯ ತೂತು ಇದ್ದರೆ ಮುಚ್ಚಬೇಡಿ. ಅದು ಗೂಡು ಕಟ್ಟುವುದು ಅಲ್ಲೇ.